ಮೊದಲು ಚೀಲ, ಆಮೇಲೆ ಕೀಮೋ: ಸಾಂಕ್ರಾಮಿಕದ ನಡುವೆ ಸ್ಟೆಮ್ ಸೆಲ್ ಕಸಿ ವಾರ್ಡು ನಡೆಸುವುದು ಹೇಗೆ?

ಹೊಸದಾಗಿ ಕಸಿ ವಾರ್ಡಿಗೆ ಸೇರಿದ ನರ್ಸ್‌ಗಳು, ಕೋಆರ್ಡಿನೇಟರ್‌ಗಳು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಕೋವಿಡ್‌ನಂಥದ್ದು ಮತ್ತೆ ಬಂದರೆ ವಾರ್ಡು ಮುಚ್ಚಬೇಕಾ, ನಡೆಸಬೇಕಾ?" ಪೂರ್ತಿ ಮುಚ್ಚುವ ಹಾಗಿಲ್ಲ. ಲಾಕ್‌ಡೌನ್ ಇದೆ ಅಂತ ಲುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಕಾಯುವುದಿಲ್ಲ. ಹಾಗಂತ ಎಂದಿನಂತೆ ನಡೆಸಲೂ ಆಗುವುದಿಲ್ಲ. 2020 ಮತ್ತು 2021ರಲ್ಲಿ ಬೆಂಗಳೂರಿನ ಒಂದು ಕಸಿ ವಾರ್ಡಿನಲ್ಲಿ ಕೋಆರ್ಡಿನೇಟರ್ ಆಗಿ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ರೋಗಿಯ ಮನೆಯವರೂ ಓದಬಹುದು. ಆದರೆ ಯಾರಿಗೆ ಯಾವಾಗ ಕಸಿ ಎಂಬ ತೀರ್ಮಾನ ನಿಮ್ಮ ಡಾಕ್ಟರದ್ದೇ.

ಮೊದಲು ಐದು ಪದ ತಿಳಿದಿರಲಿ. ಸ್ಟೆಮ್ ಸೆಲ್ ಅಂದರೆ ಮೂಳೆಯೊಳಗಿನ ಮಜ್ಜೆಯಲ್ಲಿ ಕೂತು ರಕ್ತದ ಎಲ್ಲ ಕಣಗಳನ್ನೂ ಹುಟ್ಟಿಸುವ ತಾಯಿ ಕೋಶ. ರೋಗಿಯದೇ ಕೋಶ ತೆಗೆದಿಟ್ಟು ವಾಪಸ್ ಕೊಟ್ಟರೆ ಆಟೋಲೋಗಸ್, ಬಾಯಿಮಾತಿನಲ್ಲಿ 'ಆಟೋ'. ಬೇರೆಯವರದು ಕೊಟ್ಟರೆ ಅಲೋಜೆನಿಕ್, ಅಂದರೆ 'ಅಲೋ'. ಕೋಶ ಕೊಡುವ ಮುಂಚೆ ಹಳೆಯ ಮಜ್ಜೆಯನ್ನು ಖಾಲಿ ಮಾಡಲು ಕೊಡುವ ಜೋರು ಕೀಮೋ ಅಥವಾ ರೇಡಿಯೇಷನ್‌ಗೆ ಕಂಡೀಶನಿಂಗ್ ಎನ್ನುತ್ತಾರೆ. ಹೊಸ ಕೋಶ ಬೇರೂರಿ ಬಿಳಿ ರಕ್ತಕಣ ಏರುವುದು ಎನ್‌ಗ್ರಾಫ್ಟ್‌ಮೆಂಟ್. ಇದಕ್ಕೆ ಎರಡು ಮೂರು ವಾರ ಬೇಕು. ಅಷ್ಟು ದಿನ ರೋಗಿಗೆ ಸೋಂಕು ತಡೆಯುವ ಶಕ್ತಿ ಇಲ್ಲವೇ ಇಲ್ಲ ಅನ್ನಬಹುದು.

1. ಕಾಯುವವರ ಪಟ್ಟಿಯನ್ನು ಮತ್ತೆ ಬರೆಯಿರಿ

ಸಾಂಕ್ರಾಮಿಕದ ಸುದ್ದಿ ಬಂದ ವಾರವೇ ಈ ಕೆಲಸ ಮಾಡಿ. ಹೆಸರು ಬಂದ ತಾರೀಖಿನ ಕ್ರಮ ಬಿಡಿ. ಕಾಯಿಲೆ ಎಷ್ಟು ದಿನ ಸುಮ್ಮನಿರುತ್ತದೆ ಎಂಬ ಕ್ರಮದಲ್ಲಿ ಬರೆಯಿರಿ.

ಕಾಯಲಾರದವರು: ಹೈ ರಿಸ್ಕ್ ಅಕ್ಯೂಟ್ ಲುಕೇಮಿಯಾದಲ್ಲಿ ಕೀಮೋ ಮುಗಿದು ರೆಮಿಷನ್‌ಗೆ ಬಂದವರು. ರೆಮಿಷನ್ ಅಂದರೆ ಕಾಯಿಲೆ ಪರೀಕ್ಷೆಯಲ್ಲಿ ಕಾಣದಷ್ಟು ಅಡಗಿರುವ ಹೊತ್ತು. ಈ ಕಿಟಕಿ ಮುಚ್ಚಿದರೆ ಮತ್ತೆ ತೆರೆಯುತ್ತದೆ ಎಂಬ ಖಾತ್ರಿ ಇಲ್ಲ.

ಸ್ವಲ್ಪ ಕಾಯಬಲ್ಲವರು: ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನ ರೋಗಿಗಳಲ್ಲಿ ಬಹಳ ಜನ. ಇವರಿಗೆ ಬಾರ್ಟೆಜೊಮಿಬ್, ಲೆನಾಲಿಡೊಮೈಡ್‌ನಂಥ ಔಷಧ ಮುಂದುವರಿಸಿ ಕಸಿಯನ್ನು ಕೆಲವು ತಿಂಗಳು ತಳ್ಳಬಹುದು.

ಇನ್ನೂ ಜಾಸ್ತಿ ಕಾಯಬಲ್ಲವರು: ಥಲಸ್ಸೇಮಿಯಾ ಮಕ್ಕಳು, ಅಂದರೆ ಹುಟ್ಟಿನಿಂದಲೇ ಬಂದ ರಕ್ತದ ಕಾಯಿಲೆಯಿಂದ ಆಗಾಗ ರಕ್ತ ಹಾಕಿಸಿಕೊಳ್ಳಬೇಕಾದವರು. ಆದರೆ ಅವರು ಕಾಯುವುದು ರಕ್ತದ ಬಲದ ಮೇಲೆ. ರಕ್ತನಿಧಿ ಖಾಲಿಯಾಗಿರುವಾಗ "ಆರು ತಿಂಗಳು ಬಿಟ್ಟು ಬನ್ನಿ" ಅನ್ನುವುದು ಸುಲಭ, ಆ ಆರು ತಿಂಗಳಿನ ರಕ್ತ ಎಲ್ಲಿಂದ ಬರಬೇಕು? ಇವರನ್ನು ಮುಂದೂಡಿದರೆ ರಕ್ತ ಎಲ್ಲಿ ಸಿಗುತ್ತದೆ, ಹಾಕಿದ ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣ ಇಳಿಸುವ ಮಾತ್ರೆ ಎಲ್ಲಿ ಸಿಗುತ್ತದೆ ಎಂಬುದನ್ನೂ ಅದೇ ಕಾಗದದಲ್ಲಿ ಬರೆದುಕೊಡಿ.

ತೀವ್ರ ಅಪ್ಲಾಸ್ಟಿಕ್ ಅನೀಮಿಯಾದವರು ನಡುವೆ ಸಿಕ್ಕಿಕೊಳ್ಳುತ್ತಾರೆ. ಅದರಲ್ಲಿ ಮಜ್ಜೆ ಬತ್ತಿಹೋಗಿರುತ್ತದೆ. ಅವರ ವಿಷಯಕ್ಕೆ ಮುಂದೆ ಬರುತ್ತೇನೆ.

ಇಲ್ಲಿ ಆಗುವ ತಪ್ಪು: ಮುಂದೂಡಿದವರ ಹೆಸರು ಪಟ್ಟಿಯಿಂದ ಜಾರಿಹೋಗುವುದು. ಪ್ರತಿ ಹೆಸರಿನ ಪಕ್ಕ ಮುಂದಿನ ಫೋನ್ ತಾರೀಖು ಮತ್ತು ಫೋನ್ ಮಾಡುವವರ ಹೆಸರು ಇರಲಿ. 'ನೋಡೋಣ' ಎಂಬುದು ತಾರೀಖಲ್ಲ.

2. ಕೋಶ ಕೈಗೆ ಬರುವ ತನಕ ಕಂಡೀಶನಿಂಗ್ ಶುರು ಮಾಡಬೇಡಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಎಂದಿನ ದಿನಗಳಲ್ಲಿ ಅಲೋ ಕಸಿಯ ಲೆಕ್ಕ ಹೀಗಿರುತ್ತದೆ. ರೋಗಿಗೆ ಕಂಡೀಶನಿಂಗ್ ನಡೆಯುತ್ತಿರುವಾಗಲೇ ಅತ್ತ ದಾನಿಗೆ ಜಿ-ಸಿಎಸ್‌ಎಫ್ ಇಂಜೆಕ್ಷನ್ ನಡೆಯುತ್ತಿರುತ್ತದೆ. ಮಜ್ಜೆಯಿಂದ ಕೋಶಗಳನ್ನು ರಕ್ತಕ್ಕೆ ಇಳಿಸುವ ಔಷಧ ಇದು. ಐದನೇ ದಿನ ಅಫೆರೆಸಿಸ್ ಯಂತ್ರದಲ್ಲಿ ದಾನಿಯ ರಕ್ತ ಹಾಯಿಸಿ ಕೋಶ ತೆಗೆಯುತ್ತಾರೆ. ಆ ಚೀಲ ಅವತ್ತೋ ಮಾರನೇ ದಿನವೋ ತಾಜಾ ಇರುವಾಗಲೇ ರೋಗಿಗೆ ಹೋಗುತ್ತದೆ. ಎರಡೂ ಕಡೆ ಗಡಿಯಾರ ಕೂಡಿಕೊಂಡೇ ಓಡಬೇಕು.

ಸಾಂಕ್ರಾಮಿಕದಲ್ಲಿ ಒಂದು ಗಡಿಯಾರ ಯಾವಾಗ ಬೇಕಾದರೂ ನಿಲ್ಲಬಹುದು. ದಾನಿಗೆ ಜ್ವರ ಬರಬಹುದು, ವಿಮಾನ ರದ್ದಾಗಬಹುದು, ಅಫೆರೆಸಿಸ್ ಕೋಣೆಯ ಒಬ್ಬನೇ ಟೆಕ್ನೀಷಿಯನ್ ಕ್ವಾರಂಟೈನ್‌ಗೆ ಹೋಗಬಹುದು. ಅಷ್ಟರಲ್ಲಿ ರೋಗಿಯ ಮಜ್ಜೆ ಖಾಲಿಯಾಗಿದ್ದರೆ ಹಿಂದಕ್ಕೆ ದಾರಿಯಿಲ್ಲ. 2020ರ ಮಾರ್ಚ್ 22ಕ್ಕೆ ಅಂತರರಾಷ್ಟ್ರೀಯ ವಿಮಾನಗಳು ನಿಂತಾಗ ನಮ್ಮ ಒಬ್ಬ ರೋಗಿಯ ತಮ್ಮ, ಅಂದರೆ ದಾನಿ, ದುಬೈನಲ್ಲಿದ್ದ. ಕಂಡೀಶನಿಂಗ್ ಮರುವಾರಕ್ಕಿತ್ತು. ಅದು ಹಿಂದಿನ ವಾರಕ್ಕೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ.

ಆ ತಿಂಗಳೇ ಅಮೆರಿಕದ ದಾನಿ ನೋಂದಣಿ ಸಂಸ್ಥೆ ಎನ್‌ಎಂಡಿಪಿ ಮತ್ತು ಯುರೋಪಿನ ಕಸಿ ವೈದ್ಯರ ಸಂಘ ಇಬಿಎಂಟಿ ಎರಡೂ ಒಂದೇ ದಾರಿ ಹಿಡಿದವು: ಕೋಶವನ್ನು ಮೊದಲೇ ತೆಗೆದು, ಫ್ರೀಜ್ ಮಾಡಿ, ಆಸ್ಪತ್ರೆಯಲ್ಲಿ ಇಟ್ಟುಕೊಂಡು ಆಮೇಲೆ ಕಂಡೀಶನಿಂಗ್ ಶುರು ಮಾಡಿ. ಕ್ರಮ ಹೀಗಿರಲಿ.

ಅ. ದಾನಿಯ ತಪಾಸಣೆ, ಪಿಸಿಆರ್. ನಂತರ ಕೋಶ ತೆಗೆಯುವುದು.

ಆ. ಲೆಕ್ಕ ಮಾಡುವುದು. ಸ್ಟೆಮ್ ಸೆಲ್ ಮೇಲಿನ ಗುರುತು ಸಿಡಿ34. ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಕೋಶ ಬೇಕು, ಅಲೋಗೆ 40 ಲಕ್ಷದ ಮೇಲಿದ್ದರೆ ನೆಮ್ಮದಿ. ಫ್ರೀಜ್ ಮಾಡಿ ಕರಗಿಸುವಾಗ ಒಂದಷ್ಟು ಸಾಯುತ್ತವೆ. ಹಾಗಾಗಿ ಗುರಿಯನ್ನು ಸ್ವಲ್ಪ ಮೇಲೇ ಇಡಿ.

ಇ. ಡಿಎಂಎಸ್‌ಒ ಎಂಬ ದ್ರಾವಣ ಬೆರೆಸಿ ಫ್ರೀಜ್ ಮಾಡುವುದು. ಇದು ಕೋಶದೊಳಗೆ ಮಂಜಿನ ಹರಳು ಕಟ್ಟದಂತೆ ತಡೆಯುತ್ತದೆ. ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ತಣಿಸಿ, ಆಮೇಲೆ ದ್ರವ ನೈಟ್ರೋಜನ್ ಟ್ಯಾಂಕಿಗೆ ಇಳಿಸುತ್ತಾರೆ.

ಈ. ಜೊತೆಗೊಂದು ಪುಟ್ಟ ವಯಲ್ ಕೂಡ ಫ್ರೀಜ್ ಮಾಡಿ. ಕಂಡೀಶನಿಂಗ್‌ಗೆ ಮುಂಚೆ ಅದನ್ನು ಕರಗಿಸಿ ಎಷ್ಟು ಕೋಶ ಬದುಕಿವೆ ನೋಡಿ. ವಯಲ್ ಚೆನ್ನಾಗಿದ್ದರೆ ಮಾತ್ರ ಮೊದಲ ಕೀಮೋ ಬಾಟಲಿ ನೇತು ಹಾಕಿ.

ಇನ್ನು ಕೊಡುವ ದಿನ. ಚೀಲವನ್ನು 37 ಡಿಗ್ರಿ ನೀರಿನಲ್ಲಿ ಮೆಲ್ಲಗೆ ಆಡಿಸುತ್ತಾ ಕರಗಿಸಬೇಕು. ಒಳಗೆ ಐಸ್‌ಕ್ರೀಮಿನ ಹಾಗೆ ಸ್ವಲ್ಪ ಗಟ್ಟಿ ಉಳಿದಿರುವಾಗಲೇ ಹೊರಗೆ ತೆಗೆಯಿರಿ. ಕರಗಿದ ಮೇಲೆ ಹರಟೆ ಬೇಡ, ಡಿಎಂಎಸ್‌ಒ ಬೆಚ್ಚಗಾದಷ್ಟೂ ಕೋಶಕ್ಕೆ ವಿಷ. ಅದಕ್ಕೇ ಕರಗಿಸುವ ಕೆಲಸ ರೋಗಿಯ ಮಂಚದ ಪಕ್ಕದಲ್ಲೇ ನಡೆಯಬೇಕು, ಎರಡು ಮಹಡಿ ಕೆಳಗಿನ ಲ್ಯಾಬಿನಲ್ಲಿ ಅಲ್ಲ. ಕೋಣೆಯಲ್ಲಿ ಬೇಯಿಸಿದ ಮೆಕ್ಕೆಜೋಳದಂಥ, ಕೆಲವರಿಗೆ ಬೆಳ್ಳುಳ್ಳಿಯಂಥ, ವಾಸನೆ ಬರುತ್ತದೆ. ಆ ವಾಸನೆ ರೋಗಿಯ ಉಸಿರಿನಿಂದಲೇ ಬರುವುದು. ಮೊದಲೇ ಹೇಳಿಡದಿದ್ದರೆ ಮನೆಯವರು ಗಾಬರಿಯಾಗುತ್ತಾರೆ. ವಾಂತಿ, ಬಿಪಿ ಏರಿಳಿತ, ಕೆಮ್ಮು ಬರಬಹುದು, ಮಾನಿಟರ್ ಹಾಕಿರಿ.

ಮೂರು ಎಚ್ಚರಿಕೆ. ಮಜ್ಜೆಯಿಂದಲೇ ತೆಗೆದ ಕೋಶವಾದರೆ ಫ್ರೀಜ್ ಮಾಡುವ ಮುಂಚೆ ಕೆಂಪು ರಕ್ತಕಣ ಬೇರ್ಪಡಿಸಲೇಬೇಕು. ಅವು ಫ್ರೀಜರ್‌ನಲ್ಲಿ ಒಡೆದುಹೋಗುತ್ತವೆ, ಒಡೆದದ್ದು ಕಿಡ್ನಿಗೆ ಹೊಡೆತ. ಎರಡನೆಯದು ಅಪ್ಲಾಸ್ಟಿಕ್ ಅನೀಮಿಯಾ. ಇವರಲ್ಲಿ ಫ್ರೀಜ್ ಮಾಡಿದ ಕೋಶ ಬೇರೂರದೆ ಹೋಗುವ ಅಪಾಯ ಜಾಸ್ತಿ ಎಂದು ಅಧ್ಯಯನಗಳು ತೋರಿಸಿವೆ. ಇವರಿಗೆ ಆದಷ್ಟೂ ತಾಜಾ ಕೋಶವೇ ಬೇಕು. ಊರಲ್ಲೇ ಇರುವ ಅಣ್ಣ ತಂಗಿ ದಾನಿಯಾದರೆ ಇಬ್ಬರನ್ನೂ ಒಂದೇ ದಿನ ಆಸ್ಪತ್ರೆಗೆ ಸೇರಿಸಿ. ದಾನಿ ಸಿಗದಿದ್ದರೆ ಎಟಿಜಿ ಮತ್ತು ಸೈಕ್ಲೋಸ್ಪೊರಿನ್ ಎಂಬ ಔಷಧದ ದಾರಿ ಇದೆ.

ಮೂರನೆಯದು ಯಾರೂ ಬಾಯಿಬಿಟ್ಟು ಹೇಳದ್ದು. ಫ್ರೀಜ್ ಮಾಡಿಟ್ಟ ಕೋಶ ಕೊನೆಗೆ ಬಳಕೆಯಾಗದೆಯೂ ಹೋಗಬಹುದು. ರೋಗಿಗೆ ಕಾಯಿಲೆ ಮರುಕಳಿಸಬಹುದು, ಮನಸ್ಸು ಬದಲಾಗಬಹುದು. ದಾನಿ ಐದು ದಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಮೈಕೈ ನೋವು ತಿಂದಿರುತ್ತಾರೆ. ಹೀಗೂ ಆಗಬಹುದು ಎಂದು ಒಪ್ಪಿಗೆ ಪತ್ರಕ್ಕೆ ಮುಂಚೆಯೇ ಅವರಿಗೆ ಹೇಳಿ.

3. ಫ್ರೀಜರ್ ಇಲ್ಲದಿದ್ದರೆ

ಚಿಕ್ಕ ವಾರ್ಡುಗಳ ಕಷ್ಟ ಇದು. ಮೈಲೋಮಾದ ಆಟೋ ಕಸಿಗೆ ಒಂದು ಸರಳ ದಾರಿ ನಮ್ಮ ದೇಶದಲ್ಲಿ ಬಹಳ ಕಡೆ ಬಳಕೆಯಲ್ಲಿದೆ. ಕೋಶ ತೆಗೆದು ರಕ್ತನಿಧಿಯ 4 ಡಿಗ್ರಿ ಫ್ರಿಜ್‌ನಲ್ಲಿ ಇಡುವುದು, ಮೆಲ್ಫಲಾನ್ ಎಂಬ ಕೀಮೋ ಕೊಡುವುದು, 24 ಗಂಟೆ ಕಳೆದ ಮೇಲೆ ಕೋಶ ವಾಪಸ್ ಕೊಡುವುದು. ತೆಗೆದ ಹೊತ್ತಿನಿಂದ 48 ಗಂಟೆ, ತೀರಾ ಎಳೆದರೆ 72 ಗಂಟೆಯೊಳಗೆ ಮುಗಿಯಬೇಕು. ಮೆಲ್ಫಲಾನ್ ಒಂದೇ ದಿನದ ಔಷಧವಾದ್ದರಿಂದ ಇದು ಸಾಧ್ಯ. ಲಿಂಫೋಮಾ ಎಂಬ ಇನ್ನೊಂದು ಕ್ಯಾನ್ಸರಿಗೆ ಕೊಡುವ 'ಬೀಮ್' ಎಂಬ ಕಂಡೀಶನಿಂಗ್ ಆರು ದಿನದ್ದು. ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಫ್ರೀಜರ್ ಇದ್ದವರಿಗೂ ಒಂದು ಮಾತು. 2021ರ ಏಪ್ರಿಲ್‌ನಲ್ಲಿ ದೇಶದಲ್ಲಿ ಆಕ್ಸಿಜನ್ ಸಾಗಿಸಲು ನೈಟ್ರೋಜನ್ ಟ್ಯಾಂಕರ್‌ಗಳನ್ನೇ ಬದಲಿಸಿಕೊಂಡರು. ನಿಮ್ಮ ಕೋಶದ ಟ್ಯಾಂಕಿಗೆ ದ್ರವ ನೈಟ್ರೋಜನ್ ತುಂಬಿಸುವವರು ಯಾರು, ಅವರ ಮಾಲು ಎಲ್ಲಿಂದ ಬರುತ್ತದೆ, ಒಂದು ಲೋಡ್ ತಪ್ಪಿದರೆ ಟ್ಯಾಂಕು ಎಷ್ಟು ದಿನ ತಡೆಯುತ್ತದೆ? ಈ ಮೂರಕ್ಕೆ ಉತ್ತರ ಗೋಡೆಯ ಮೇಲೆ ಅಂಟಿಸಿರಿ. ದಿನಕ್ಕೆರಡು ಬಾರಿ ಮಟ್ಟ ಅಳೆದು ಬರೆಯಿರಿ.

4. ದಾನಿಯನ್ನು ಹತ್ತಿರದಲ್ಲಿ ಹುಡುಕಿ

ಹೊರಗಿನ ದಾನಿಗೆ ನೂರಕ್ಕೆ ನೂರು ಹೊಂದಿಕೆ ಇದ್ದರೂ, ದಾನಿ ಜರ್ಮನಿಯಲ್ಲಿದ್ದು ವಿಮಾನವೇ ಇಲ್ಲದಿದ್ದರೆ ಆ ಹೊಂದಿಕೆ ಕಾಗದದ ಮೇಲಷ್ಟೇ. ಇಂಥ ಹೊತ್ತಲ್ಲಿ ಹ್ಯಾಪ್ಲೋ ಕಸಿ ಕೈಹಿಡಿಯುತ್ತದೆ. ಅಂದರೆ ಅರ್ಧ ಹೊಂದಿಕೆಯ ದಾನಿ: ಅಪ್ಪ, ಅಮ್ಮ, ಮಗ, ಮಗಳು, ಎಷ್ಟೋ ಸಲ ಒಡಹುಟ್ಟಿದವರು. ಕಸಿಯ ನಂತರ 3 ಮತ್ತು 4ನೇ ದಿನ ಸೈಕ್ಲೋಫಾಸ್ಫಮೈಡ್ ಕೊಟ್ಟು, ದಾನಿಯ ಕೋಶ ರೋಗಿಯ ಮೈಮೇಲೆ ತಿರುಗಿಬೀಳದಂತೆ ತಡೆಯುತ್ತಾರೆ. ಹಾಗೆ ತಿರುಗಿಬೀಳುವುದಕ್ಕೆ ಜಿವಿಎಚ್‌ಡಿ ಎಂದು ಹೆಸರು.

ಏನೇ ಆಗಲಿ, ಮೀಸಲು ದಾನಿಯೊಬ್ಬರು ತಯಾರಿರಬೇಕು. ಅಣ್ಣ ದಾನಿಯಾದರೆ ಅಮ್ಮನ ರಕ್ತಪರೀಕ್ಷೆಯೂ ಮುಗಿದಿರಲಿ. ಇಬ್ಬರೂ ಒಂದೇ ಮನೆಯಲ್ಲಿದ್ದರೆ ಒಬ್ಬರಿಗೆ ಸೋಂಕು ಬಂದರೆ ಇಬ್ಬರಿಗೂ ಬಂದ ಹಾಗೆ. ಒಬ್ಬರನ್ನು ಬೇರೆ ಕಡೆ ಇರಿಸಿ.

ನೋಂದಣಿ ಸಂಸ್ಥೆಗಳ ದಾನಿಯೇ ಬೇಕಾದರೆ ಬೆಂಗಳೂರಿನ ಡಿಕೆಎಂಎಸ್, ಚೆನ್ನೈನ ದಾತ್ರಿ ಇವೆ. ಹೊರಗಿನಿಂದ ಪೆಟ್ಟಿಗೆ ಬರುವಾಗ ಏರ್‌ಪೋರ್ಟಿನಲ್ಲಿ ಎಕ್ಸ್‌ರೇ ಯಂತ್ರಕ್ಕೆ ಹಾಕಬಾರದು. ಈ ಬಗ್ಗೆ ಭದ್ರತಾ ಅಧಿಕಾರಿಗಳಿಗೆ ಮೊದಲೇ ಪತ್ರ ಕಳಿಸಿ, ಅದರ ಪ್ರತಿ ಪೆಟ್ಟಿಗೆಯ ಜೊತೆಗೂ ಇರಲಿ. ತಾಜಾ ಕೋಶವಾದರೆ 2ರಿಂದ 8 ಡಿಗ್ರಿ, ಒಳಗೆ ತಾಪಮಾನ ಬರೆದಿಡುವ ಲಾಗರ್.

5. ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ

ಇದು ಬಹಳ ವಾರ್ಡುಗಳು ಎಡವಿದ ಜಾಗ. ಕಸಿ ಕೋಣೆ ಪಾಸಿಟಿವ್ ಪ್ರೆಷರ್ ಕೋಣೆ. ಹೆಪಾ ಫಿಲ್ಟರ್‌ನಿಂದ ಶುದ್ಧ ಗಾಳಿ ಒಳಗೆ ಬರುತ್ತದೆ, ಬಾಗಿಲು ತೆರೆದಾಗ ಒಳಗಿನ ಗಾಳಿ ಹೊರಗೆ ತಳ್ಳುತ್ತದೆ. ಹೊರಗಿನ ಬೂಷ್ಟು, ಧೂಳು ಒಳಗೆ ಬರಬಾರದು ಅಂತ ಈ ವ್ಯವಸ್ಥೆ.

ಈಗ ಆ ಕೋಣೆಯೊಳಗಿನ ರೋಗಿಗೇ ಕೋವಿಡ್ ಬಂತು ಅಂದುಕೊಳ್ಳಿ. ಅದೇ ಗಾಳಿ ವೈರಸ್ಸನ್ನು ಕಾರಿಡಾರಿಗೆ ತಳ್ಳುತ್ತದೆ. ಅಕ್ಕಪಕ್ಕದ ಕೋಣೆಗಳಲ್ಲಿ ಬಿಳಿ ರಕ್ತಕಣವೇ ಇಲ್ಲದವರು ಮಲಗಿದ್ದಾರೆ! ಹಾಗಾಗಿ ಸೋಂಕಿತ ರೋಗಿಗೆ ಒಳಗೆಳೆಯುವ, ಅಂದರೆ ನೆಗೆಟಿವ್ ಪ್ರೆಷರ್ ಕೋಣೆ ಬೇಕು, ಇಲ್ಲವೇ ಎರಡೂ ಕಡೆ ತಳ್ಳದ ಕೋಣೆಯಲ್ಲಿ ಇರಿಸಿ ಒಳಗೆ ಪ್ರತ್ಯೇಕ ಹೆಪಾ ಯಂತ್ರ ಇಡಬೇಕು. ಅಂಥ ಒಂದು ಕೋಣೆಯನ್ನು ಮೊದಲೇ ಗೊತ್ತು ಮಾಡಿ, ಖಾಲಿ ಇಟ್ಟುಕೊಳ್ಳಿ. ಆಡಳಿತದವರು "ಸುಮ್ನೆ ಬೆಡ್ ಖಾಲಿ ಯಾಕೆ" ಅಂತ ಕೇಳುತ್ತಾರೆ. ಈ ಪ್ಯಾರಾ ತೋರಿಸಿ.

ಪರೀಕ್ಷೆ ಸುಲಭ. ಒಂದು ಟಿಶ್ಯೂ ಪೇಪರಿನ ಎಳೆಯನ್ನು ಬಾಗಿಲಿನ ಕೆಳಗಿನ ಸಂದಿಗೆ ಹಿಡಿಯಿರಿ. ಹೊರಗೆ ಹಾರಿದರೆ ಪಾಸಿಟಿವ್, ಒಳಗೆ ಸೆಳೆದರೆ ನೆಗೆಟಿವ್. ಗೋಡೆಯ ಮೇಲಿನ ಮೀಟರ್ ಏನೇ ಹೇಳಲಿ, ದಿನಕ್ಕೊಮ್ಮೆ ಹೀಗೆ ನೋಡಿ.

6. ಒಬ್ಬ ರೋಗಿ, ಒಬ್ಬರೇ ಅಟೆಂಡರ್

ನಮ್ಮಲ್ಲಿ ಮನೆಯವರಿಲ್ಲದೆ ಕಸಿ ನಡೆಯುವುದೇ ಇಲ್ಲ. ಅವರನ್ನು ಹೊರಗಿಡುವ ಬದಲು ಒಳಗೇ ಉಳಿಸಿಕೊಳ್ಳಿ. ಒಬ್ಬರೇ ಬರಲಿ, ಕೊನೆತನಕ ಅವರೇ ಇರಲಿ. "ಇವತ್ತು ಚಿಕ್ಕಮ್ಮ ಬರ್ತಾರೆ, ನಾಳೆ ಮಾವ" ಎಂಬುದು ಬೇಡ. ರೋಗಿಗೂ ಅಟೆಂಡರ್‌ಗೂ ಸೇರಿಸುವ ಮುಂಚೆ ಪಿಸಿಆರ್, ಕಂಡೀಶನಿಂಗ್ ಹಿಂದಿನ ದಿನ ಮತ್ತೊಮ್ಮೆ. ಊಟ ಹೊರಗಿನಿಂದ ಬೇಡ.

ರೋಗಿಗೆ ಸೋಂಕು ಬಂದು ಹೋದ ಮೇಲೆ ಪಿಸಿಆರ್ ವಾರಗಟ್ಟಲೆ ಪಾಸಿಟಿವ್ ಬರುತ್ತಲೇ ಇರಬಹುದು. ಪ್ರತಿರೋಧ ಶಕ್ತಿ ಇಲ್ಲದವರಲ್ಲಿ ಜೀವಂತ ವೈರಸ್ಸೂ ಬಹಳ ದಿನ ಉಳಿಯುತ್ತದೆ. ಯಾವುದು ಸತ್ತ ಚೂರು, ಯಾವುದು ಜೀವಂತ ಎಂಬುದನ್ನು ಒಂದು ರಿಪೋರ್ಟ್ ನೋಡಿ ಹೇಳಲಾಗದು. ಸೋಂಕು ವೈದ್ಯರನ್ನು ಕೇಳದೆ ತಾರೀಖು ಕೊಡಬೇಡಿ.

7. ರಕ್ತ, ಪ್ಲೇಟ್‌ಲೆಟ್

ಕಾಲೇಜು, ಕಂಪನಿ ಮುಚ್ಚಿದ ಮಾರನೇ ವಾರವೇ ರಕ್ತದಾನ ಶಿಬಿರ ನಿಲ್ಲುತ್ತವೆ. ಕೆಂಪು ರಕ್ತವಾದರೂ 35ರಿಂದ 42 ದಿನ ಇಡಬಹುದು. ಪ್ಲೇಟ್‌ಲೆಟ್ ಆಯಸ್ಸು ಐದೇ ದಿನ. ಹಾಗಾಗಿ ಕಸಿಯ ತಾರೀಖು ಗೊತ್ತಾದ ದಿನವೇ ಆ ರೋಗಿಯ ಹೆಸರಲ್ಲಿ ಪ್ಲೇಟ್‌ಲೆಟ್ ದಾನಿಗಳ ಪಟ್ಟಿ ಮಾಡಿ. ಹತ್ತು ಹೆಸರು, ರಕ್ತದ ಗುಂಪು, ಫೋನ್, ಯಾವ ದಿನ ಬರಬಲ್ಲರು. ಪೊಲೀಸರು ತಡೆದರೆ ತೋರಿಸಲು ಆಸ್ಪತ್ರೆಯ ಪತ್ರ.

ಇಲ್ಲೊಂದು ದೊಡ್ಡ ಗುಂಡಿ ಇದೆ. ರಕ್ತ ಸಿಗದಾಗ ಮನೆಯವರು ಪ್ರೀತಿಯಿಂದ "ನಮ್ಮದೇ ತಗೊಳ್ಳಿ" ಅನ್ನುತ್ತಾರೆ. ಅಲೋ ಕಸಿಗೆ ಮುಂಚೆ ರಕ್ತ ಸಂಬಂಧಿಗಳ ರಕ್ತ ಕೊಡಬಾರದು. ರೋಗಿಯ ದೇಹ ಅವರ ಗುರುತಿನ ಮೇಲೆ ಹಗೆ ಕಟ್ಟಿಕೊಂಡರೆ ನಾಳೆ ಅದೇ ಮನೆಯ ದಾನಿಯ ಕೋಶ ಬೇರೂರದೆ ಹೋಗಬಹುದು. ಸಂಬಂಧಿಗಳು ಬೇರೆಯವರಿಗೆ ಕೊಡಲಿ, ಬೇರೆಯವರದ್ದು ಇವರಿಗೆ ಬರಲಿ.

ಕಸಿ ರೋಗಿಗೆ ಕೊಡುವ ರಕ್ತಕ್ಕೆ ರೇಡಿಯೇಷನ್ ಹಾಯಿಸಿರಬೇಕು, ಸಾಮಾನ್ಯವಾಗಿ 25 ಗ್ರೇ (ಗ್ರೇ ಎಂಬುದು ರೇಡಿಯೇಷನ್ ಅಳತೆ). ಆ ಯಂತ್ರ ಬೇರೆ ಆಸ್ಪತ್ರೆಯಲ್ಲಿದ್ದರೆ ಅದು ಕೋವಿಡ್ ಆಸ್ಪತ್ರೆಯಾಗಿ ಬದಲಾದಾಗ ಏನು ಮಾಡುತ್ತೀರಿ ಎಂದು ಈಗಲೇ ಮಾತಾಡಿಟ್ಟುಕೊಳ್ಳಿ.

8. ಸಿಬ್ಬಂದಿ ಮತ್ತು ಔಷಧ

ಸಿಬ್ಬಂದಿಯನ್ನು ಎರಡು ತಂಡ ಮಾಡಿ, ಒಬ್ಬರನ್ನೊಬ್ಬರು ಭೇಟಿಯಾಗದಂತೆ. ಊಟದ ಕೋಣೆಯೂ ಬೇರೆ. ಮಾಸ್ಕ್ ತೆಗೆಯುವ ಜಾಗ ಅದೇ ಅಲ್ವಾ? ಕಸಿ ನರ್ಸ್‌ಗಳನ್ನು ಕೋವಿಡ್ ಐಸಿಯುಗೆ ಕಳಿಸುವುದಿಲ್ಲ ಎಂದು ಆಡಳಿತದಿಂದ ಬರವಣಿಗೆಯಲ್ಲಿ ಪಡೆಯಿರಿ. ಸಿಗದಿದ್ದರೆ ಬೆಡ್ ಸಂಖ್ಯೆ ಇಳಿಸಿ. ಹಾಗೆಯೇ ಅಫೆರೆಸಿಸ್ ಯಂತ್ರ ನಡೆಸಲು, ಕೋಶ ಫ್ರೀಜ್ ಮಾಡಲು ಕನಿಷ್ಠ ಇಬ್ಬಿಬ್ಬರಿಗೆ ಬರಬೇಕು.

ಔಷಧದ ವಿಷಯದಲ್ಲಿ ನಮಗೆ ಅಂದಾಜು ತಪ್ಪಿತ್ತು. ಆಮದಾಗುವ ಎಟಿಜಿ, ಕಂಡೀಶನಿಂಗ್‌ಗೆ ಬೇಕಾದ ಬುಸಲ್ಫಾನ್ ಸಿಗಲಾರದು ಎಂದು ಹೆದರಿ ಅವನ್ನೇ ಕೂಡಿಟ್ಟೆವು. 2021ರ ಮೇ ತಿಂಗಳಲ್ಲಿ ಬ್ಲ್ಯಾಕ್ ಫಂಗಸ್ ಹಬ್ಬಿ, ದೇಶದಲ್ಲೆಲ್ಲ ಲೈಪೊಸೋಮಲ್ ಆಂಫೊಟೆರಿಸಿನ್‌ಗೆ ಬರ ಬಂತು. ಕಸಿ ರೋಗಿಗೆ ಶಿಲೀಂಧ್ರ ಸೋಂಕು ಬಂದರೆ ಬೇಕಾಗುವುದೂ ಅದೇ. ಉರಿಯೂತ ತಗ್ಗಿಸುವ ಟೊಸಿಲಿಜುಮಾಬ್ ಕಥೆಯೂ ಹಾಗೆಯೇ ಆಯಿತು. ಪಾಠ ಇಷ್ಟು: ಆಮದು ಔಷಧದ ಜೊತೆಗೆ, ಸಾಂಕ್ರಾಮಿಕದ ರೋಗಿಗಳಿಗೂ ಬೇಕಾಗಬಹುದಾದ ಔಷಧಗಳ ಪಟ್ಟಿಯೂ ಬೇಕು. ಒಬ್ಬ ರೋಗಿಗೆ ಇಡೀ ಕಸಿಗೆ ಬೇಕಾದಷ್ಟನ್ನು ಅವರ ಹೆಸರು ಬರೆದ ಪೆಟ್ಟಿಗೆಯಲ್ಲಿ ತೆಗೆದಿಟ್ಟ ಮೇಲೆಯೇ ಸೇರಿಸಿಕೊಳ್ಳಿ.

9. ಮನೆಗೆ ಹೋದವರು

ಮೊದಲ 100 ದಿನ ಆಸ್ಪತ್ರೆಯ ಹತ್ತಿರವೇ ಬಾಡಿಗೆ ಮನೆಯಲ್ಲಿ ಇರಲಿ. ಕಲಬುರಗಿಗೋ ಕೊಪ್ಪಳಕ್ಕೋ ಹೋದ ಮೇಲೆ ಜಿಲ್ಲೆಯ ಗಡಿ ಮುಚ್ಚಿದರೆ ಜ್ವರ ಬಂದಾಗ ವಾಪಸ್ ಬರುವುದು ಕಷ್ಟ. ಆಮೇಲಿನವರಿಗೆ ವಿಡಿಯೋ ಕರೆ ಸಾಕು. ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ 2020ರ ಮಾರ್ಚ್ 25ರಿಂದಲೇ ಇದೆ. ರಕ್ತಪರೀಕ್ಷೆ ಊರಿನ ಲ್ಯಾಬಿನಲ್ಲೇ ಆಗಲಿ. ಜಿವಿಎಚ್‌ಡಿ ತಡೆಯಲು ಕೊಡುವ ಟ್ಯಾಕ್ರೊಲಿಮಸ್, ಸೈಕ್ಲೋಸ್ಪೊರಿನ್ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ನೋಡುವ ದಿನ ಬೆಳಗಿನ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಬೇಕು. ನುಂಗಿ ಹೋದರೆ ಲೆಕ್ಕವೆಲ್ಲ ತಲೆಕೆಳಗು. ವಾರಕ್ಕೊಬ್ಬರಾದರೂ ಹೀಗೆ ಮಾಡುತ್ತಾರೆ.

ಕೋವಿಡ್ ಬಂದು ಊರಿನ ಡಾಕ್ಟರ್ ರಿಟೊನವಿರ್ ಇರುವ ಮಾತ್ರೆ ಬರೆದುಕೊಟ್ಟರೆ ನಿಮ್ಮ ಘಟಕಕ್ಕೆ ಫೋನ್ ಮಾಡದೆ ನುಂಗಬಾರದು. ಅದು ಟ್ಯಾಕ್ರೊಲಿಮಸ್ ಮಟ್ಟವನ್ನು ಒಮ್ಮೆಲೇ ಅಪಾಯದ ಮಟ್ಟಕ್ಕೆ ಏರಿಸುತ್ತದೆ. ಡಿಸ್ಚಾರ್ಜ್ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಕನ್ನಡದಲ್ಲೇ ಬರೆಯಿರಿ.

ಲಸಿಕೆ: ಕೋವಿಡ್ ಲಸಿಕೆ ಕಸಿಯಾಗಿ ಮೂರು ತಿಂಗಳ ನಂತರ ಶುರು ಮಾಡಬಹುದು. ಮೀಸಲ್ಸ್‌ನಂಥ ಜೀವಂತ ಲಸಿಕೆ ಎರಡು ವರ್ಷದ ತನಕ ಇಲ್ಲ. ಮನೆಯವರೆಲ್ಲ ಕೋವಿಡ್ ಲಸಿಕೆ ಹಾಕಿಸಿಕೊಂಡಿರಲಿ.

10. ಪಟ್ಟಿ ಮತ್ತೆ ತೆರೆಯುವಾಗ

ಅಲೆ ಇಳಿದ ಮೇಲೆ ಮುಂದೂಡಿದವರನ್ನು ಹಳೆಯ ಫೈಲ್ ನೋಡಿ ನೇರ ಸೇರಿಸಿಕೊಳ್ಳಬೇಡಿ. ಮಜ್ಜೆಯ ಪರೀಕ್ಷೆ ಮತ್ತೆ ಮಾಡಿ, ರೆಮಿಷನ್ ಇನ್ನೂ ಇದೆಯಾ ನೋಡಿ. ಕೋವಿಡ್ ಬಂದು ಹೋದವರಿಗೆ ಶ್ವಾಸಕೋಶದ ಪರೀಕ್ಷೆ. ದಾನಿಯ ಸೋಂಕು ಪರೀಕ್ಷೆಗಳು ಕೋಶ ತೆಗೆಯುವ 30 ದಿನದೊಳಗಿನವು ಇರಬೇಕು, ಹಳೆಯವು ಲೆಕ್ಕಕ್ಕಿಲ್ಲ. ವಾರಕ್ಕೆ ಒಬ್ಬರಂತೆ ಶುರು ಮಾಡಿ, ಪ್ಲೇಟ್‌ಲೆಟ್ ಸಿಗುತ್ತಿದೆ ಎಂದು ಖಚಿತವಾದ ಮೇಲೆ ಇಬ್ಬರು. ಆಗಲೂ ಆ ಒಂದು ನೆಗೆಟಿವ್ ಪ್ರೆಷರ್ ಕೋಣೆಯನ್ನು ಯಾರಿಗೂ ಕೊಡಬೇಡಿ.